ಬಾಡಿಗೆ ನಾಲಿಗೆ

ಕಂತು ೧೧

"ಇನ್ನೊಂದು ಸಲ ಹೇಳಿ," ಎಂದಳು ವೆರ್ನಾ. "ಮೊದಲಿಂದ. ಅವತ್ತು ಸಭೆಯಲ್ಲಿ ಹೇಗೆ ಹೇಳಿದ್ರೋ ಹಾಗೇ."

ಕಾರ್ಲಿಸ್ ವೆಂಡ್ಟ್ ಕಾಫಿ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಸುತ್ತ ನೋಡಿದ. ಹೆದ್ದಾರಿ ಪಕ್ಕದ ಆ ಹೋಟೆಲಿನಲ್ಲಿ ಮಧ್ಯಾಹ್ನದ ಊಟದವರು ಎದ್ದು ಹೋಗಿಯಾಗಿತ್ತು. ಬಾಗಿಲ ಬಳಿ ಇಬ್ಬರು ಲಾರಿಯವರು ಆಪಲ್ ಪೈ ಮೆಲ್ಲುತ್ತ ಕೂತಿದ್ದರು, ಅಷ್ಟೆ.

"ಮೆಲ್ಲಗೆ," ಎಂದಳು ಅವಳು.

"ಮೆಲ್ಲಗೆ ಹೇಳಿದ್ರೂ ಕೊನೇ ಸಾಲಿನವರಿಗೆ ಕೇಳುತ್ತೆ ಮೇಡಂ. ಇಪ್ಪತ್ತೈದು ವರ್ಷದ ನಾಟಕದ ಅಭ್ಯಾಸ."

ಅವನಿಗೆ ನಲವತ್ತೆಂಟರ ಹತ್ತಿರ. ಮಿಲ್ವಾಕಿಯವನು. ಟೈರ್ ಅಂಗಡಿಯ ಜಾಹೀರಾತಿನಲ್ಲಿ ಮೆಕ್ಯಾನಿಕ್, ಕ್ರಿಸ್‌ಮಸ್ ನಾಟಕಗಳಲ್ಲಿ ಅಜ್ಜ. ಬದುಕು ಹಾಗೆ ಸಾಗಿತ್ತು. ಅವನು ಒಂದು ಕ್ಷಣ ಕಣ್ಣು ಮುಚ್ಚಿದ. ಭುಜಗಳು ಇಳಿದವು, ದವಡೆ ಬಿಗಿಯಿತು. ಕಣ್ಣು ತೆರೆದಾಗ ಎದುರಿಗೆ ಕೂತಿದ್ದವನು ನಟನಲ್ಲ, ಗಣಿಯಲ್ಲಿ ಅಪ್ಪನನ್ನು ಕಳೆದುಕೊಂಡ ಮಗ.

"ನಮ್ಮಪ್ಪ ನಾಲ್ಕನೇ ಗಣಿಯೊಳಗೆ ಸತ್ತ. ದಿನಾ ಬೆಳಿಗ್ಗೆ ಅಮ್ಮ ಅವನ ಪ್ಯಾಸ್ಟಿ ಕಡುಬಿನ ಒಂದು ತುದಿಗೆ ಫೋರ್ಕಿನಿಂದ ನನ್ನ ಹೆಸರಿನ ಮೊದಲಕ್ಷರ ಚುಚ್ಚಿ ಕಳಿಸ್ತಿದ್ಳು. ಅಪ್ಪ ಎಷ್ಟೇ ಹಸಿದಿರ್ಲಿ, ಆ ತುದಿ ಮುಟ್ತಿರ್ಲಿಲ್ಲ. ಸಂಜೆ ತಂದು ನನ್ನ ಕೈಗೆ ಕೊಡ್ತಿದ್ದ. ಅವನು ಸತ್ತ ದಿನ ಊಟದ ಡಬ್ಬಿ ಮಾತ್ರ ಮನೆಗೆ ಬಂತು. ತೆಗೆದು ನೋಡಿದ್ರೆ ಒಳಗೆ ನನ್ನ ತುಂಡು. ತುಂಡು ತಣ್ಣಗಾಗಿತ್ತು, ಹಸಿವು ಮಾತ್ರ ಬಿಸಿಯಾಗೇ ಇತ್ತು. ಅಪ್ಪ ಗಣಿಯನ್ನ ಬೈದವನಲ್ಲ. ಅದೇ ನಮ್ಮ ಅನ್ನ ಅಂತಿದ್ದ. ಅವನ ಹೆಸರಲ್ಲಿ ಕೇಳ್ತೀನಿ, ಗಣಿ ಮತ್ತೆ ಬರ್ಲಿ."

ಲಾರಿಯವರಲ್ಲಿ ಒಬ್ಬ ಚಮಚ ಕೆಳಗಿಟ್ಟು ತಲೆಯ ಟೋಪಿ ತೆಗೆದ.

ವೆರ್ನಾ ಎರಡೂ ಕೈಯನ್ನು ಮೇಜಿನ ಕೆಳಕ್ಕೆ ಎಳೆದುಕೊಂಡಳು.

ಅವನು ಹೇಳಿದ್ದು ಅವಳಪ್ಪನ ಸಾವು.

ಹೆರಿಂಗ್ ಪಾಯಿಂಟ್‌ನ ಊರ ಗುಮಾಸ್ತ ಹಾರ್ಲನ್ ಲಾಕ್ಸೊ ಬಂದರಿನ ಅಲೆತಡೆ ಗೋಡೆಯ ಕೆಳಗೆ ಹೆಣವಾಗಿ ಸಿಕ್ಕು ಹನ್ನೊಂದು ದಿನವಾಗಿತ್ತು. ಕಾಲು ಜಾರಿತು ಎಂದು ಪೊಲೀಸರು ಮುಚ್ಚಿದ ಕಡತವನ್ನು, ಅವನ ತಂಗಿಯ ಮಾತಿನ ಮೇಲೆ, ನಿವೃತ್ತ ಪತ್ತೇದಾರಿಣಿ ವೆರ್ನಾ ಕೊಸ್ಕೆಲಾ ಮತ್ತೆ ಬಿಚ್ಚಿದ್ದಳು.

ಸಾಯುವ ಮುನ್ನ ಹಾರ್ಲನ್‌ನ ತಲೆಯಲ್ಲಿ ಕೊರೆಯುತ್ತಿದ್ದುದು ಒಂದೇ ವಿಷಯ: ಸೆಪ್ಟೆಂಬರಿನ ಬಹಿರಂಗ ಸಭೆ. ತಾಮ್ರದ ಗಣಿಯ ಕಂಪನಿಗೆ ಸರೋವರದ ದಂಡೆಯಲ್ಲಿ ಗಣಿಯ ತ್ಯಾಜ್ಯ ತುಂಬುವ ಕೆಸರುಕಟ್ಟೆ ಕಟ್ಟಲು ಜಾಗ ಕೊಡಬೇಕೇ ಬೇಡವೇ ಎಂದು ಊರವರನ್ನು ಕೇಳಲು ಊರಾಡಳಿತ ಮಂಡಳಿ ಕರೆದಿದ್ದ ಸಭೆ. ನಲವತ್ತು ಜನಕ್ಕೆ ತಲಾ ಮೂರು ನಿಮಿಷ. ಬೆಳಿಗ್ಗೆ ಎಂಟಕ್ಕೆ ಮಾತಾಡುವವರಿಗೆ ಚೀಟಿ ಕೊಡುವ ಹೊತ್ತಿಗೆ ಬಾಗಿಲ ಮುಂದೆ ಕಂಡರಿಯದ ಮುಖಗಳ ಸಾಲು ನಿಂತಾಗಿತ್ತು. ಕುರ್ಚಿಗಳೂ ಅವರಿಂದಲೇ ತುಂಬಿದವು. ಅದೇ ಊರಲ್ಲಿ ಹುಟ್ಟಿ ಬೆಳೆದವರು ಹೊರಗೆ ಹುಲ್ಲಿನ ಮೇಲೆ ನಿಂತು ಒಳಗಿನ ಚಪ್ಪಾಳೆ ಕೇಳಿದರು. ಅವರಲ್ಲಿ ವೆರ್ನಾಳೂ ಇದ್ದಳು, ತನ್ನ ಮೂರು ನಿಮಿಷದ ಮಾತನ್ನು ಕೋಟಿನ ಜೇಬಿನಲ್ಲಿ ಮಡಚಿಟ್ಟುಕೊಂಡು.

"ಇದನ್ನ ನಿಮಗೆ ಕೊಟ್ಟೋರು ಯಾರು?" ಎಂದು ಕೇಳಿದಳು ವೆರ್ನಾ.

"ಷಿಕಾಗೋದ ಒಂದು ಏಜೆನ್ಸಿ. ಬಸ್ಸಿನಲ್ಲೇ ಹಂಚಿದ್ರು. ಸುಮ್ಮನೆ ಕೂತು ಚಪ್ಪಾಳೆ ತಟ್ಟೋರಿಗೆ ಅರವತ್ತು ಡಾಲರ್, ಮಾತಾಡೋರಿಗೆ ಇನ್ನೂರು. ನಾನು ಚೆನ್ನಾಗಿ ಅಳ್ತೀನಿ ಅಂತ ಇದನ್ನ ನನಗೆ ಕೊಟ್ರು."

"ಕಾಗದ ಎಲ್ಲಿ?"

"ಸಭೆ ಮುಗಿದ ಕೂಡ್ಲೇ ವಾಪಸ್ ಇಸ್ಕೊಂಡ್ರು. ಬಾಯಿಪಾಠ ಆದದ್ದನ್ನ ಇಸ್ಕೊಳ್ಳೋಕಾಗುತ್ತಾ?"

"ದುಡ್ಡು ಬಂತು, ಕೆಲಸ ಮುಗೀತು. ಮತ್ತೆ ನನಗ್ಯಾಕೆ ಫೋನ್ ಮಾಡಿದ್ರಿ?"

ಕಾರ್ಲಿಸ್ ಉಪ್ಪಿನ ಕುಡಿಕೆಯನ್ನು ಒಂದು ಸುತ್ತು ತಿರುಗಿಸಿದ.

"ನಾನು ಕೆಳಗಿಳಿದಾಗ ಆ ಗುಮಾಸ್ತರು ನನ್ನ ಕೈ ಹಿಡ್ಕೊಂಡ್ರು. ಎರಡೂ ಕೈಯಲ್ಲಿ. 'ನಿಮ್ಮಪ್ಪನ ಹೆಸರೇನಪ್ಪ? ನನಗೆ ಗೊತ್ತಿರಬಹುದು' ಅಂದ್ರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ಬಾಯಿಗೆ ಬಂದ ಹೆಸರು ಹೇಳ್ದೆ. ಆಮೇಲೆ ಪೇಪರಲ್ಲಿ ಅವರು ಸತ್ತ ಸುದ್ದಿ, ಫೋಟೋ ನೋಡ್ದೆ. ನೀವು ವಿಚಾರಿಸ್ತಿದೀರಿ ಅಂತಾನೂ ಓದ್ದೆ. ಅಲ್ಲಿಂದ ನಿದ್ದೆ ಬಂದಿಲ್ಲ."

ಮಿಕ್ಕಿದ್ದು ವೆರ್ನಾಳಿಗೆ ಗೊತ್ತಿತ್ತು. ಸಭೆಯ ಮಾರನೆಯ ದಿನ ಹಾರ್ಲನ್ ಗಣಿಯಲ್ಲಿ ಸತ್ತವರ ಸ್ಮಾರಕದ ಮುಂದೆ ನಿಂತು, ಕಲ್ಲಿನಲ್ಲಿ ಕೆತ್ತಿದ ಹೆಸರುಗಳ ಮೇಲೆ ಬೆರಳಾಡಿಸುತ್ತಿದ್ದುದನ್ನು ಅವನ ತಂಗಿ ನೋಡಿದ್ದಳು. ಏನು ಹುಡುಕುತ್ತಿದ್ದ ಎಂಬುದು ಇವತ್ತು ತಿಳಿಯಿತು. ಇಲ್ಲದ ಅಪ್ಪನ ಹೆಸರನ್ನು.

"ನಲವತ್ತು ಚೀಟೀನೂ ನಿಮ್ಮವರದೇನಾ?"

"ಮೂವತ್ತೊಂಬತ್ತು. ಒಂದನ್ನ ಬಿಡಬೇಕು ಅಂತ ಕಟ್ಟಪ್ಪಣೆ. 'ಎದುರು ಮಾತಾಡೋಕೆ ಒಬ್ಬರಾದ್ರೂ ಬೇಕಲ್ಲ, ಇಲ್ದಿದ್ರೆ ಚೆನ್ನಾಗಿರಲ್ಲ' ಅಂದ್ರು. ಯಾರೋ ಹೆಂಗಸಿಗೆ ಇರಬೇಕು."

ನಲವತ್ತನೆಯ ಚೀಟಿ ಯಾರಿಗೆ ಸಿಕ್ಕಿತ್ತು ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಚುಮುಚುಮು ಚಳಿಯಲ್ಲಿ ನಾಲ್ಕು ಗಂಟೆಗೇ ಬಂದು ಸಾಲಿನಲ್ಲಿ ನಿಂತಳಂತೆ ಎಂದು ಚರ್ಚಿನಲ್ಲಿ ಎದ್ದು ನಿಂತು ಹೊಗಳಿದ್ದರು.

"ನಾಳೆ ಹತ್ತು ಗಂಟೆಗೆ ಮಂಡಳಿ ತೀರ್ಮಾನ ಮಾಡುತ್ತೆ," ಎಂದಳು ಅವಳು ಏಳುತ್ತ. "ಅದಕ್ಕೆ ಮುಂಚೆ ಇದನ್ನೆಲ್ಲ ಅವರ ಮುಂದೆ ಹೇಳ್ತೀರಾ?"

"ಹೇಳ್ತೀನಿ. ಆದ್ರೆ ಹೆದರಿಕೆ ಆಗುತ್ತೆ ಮೇಡಂ."

"ಯಾಕೆ?"

"ದುಡ್ಡಿಲ್ಲದೆ, ನನ್ನದೇ ಮಾತು ನಾನೇ ಆಡಿ ಎಷ್ಟು ವರ್ಷ ಆಯ್ತೋ."

*

ಹೆರಿಂಗ್ ಪಾಯಿಂಟ್‌ಗೆ ಇಪ್ಪತ್ತೆರಡು ಮೈಲಿ. ಮೇಪಲ್ ಎಲೆಗಳು ರಸ್ತೆಗೆ ಉದುರಿದ್ದವು. ಎಡಕ್ಕೆ ಸರೋವರ ಬಿಸಿಲಿಗೆ ಹೊಳೆಯುತ್ತಿತ್ತು. ವೆರ್ನಾ ಯಾವುದನ್ನೂ ನೋಡಲಿಲ್ಲ.

ಅಪ್ಪ ಸತ್ತಾಗ ಅವಳಿಗೆ ಒಂಬತ್ತು ವರ್ಷ. ಆ ತುಂಡಿನ ವಿಷಯ ಅವಳು ಯಾರಿಗೂ ಹೇಳಿದವಳಲ್ಲ. ಗಂಡನಿಗೆ ಹೇಳಿರಲಿಲ್ಲ. ಇಪ್ಪತ್ತಾರು ವರ್ಷ ಪೊಲೀಸ್ ಕೆಲಸದಲ್ಲಿ ಜೊತೆಗೆ ಅಲೆದವರಿಗೂ ಹೇಳಿರಲಿಲ್ಲ. ಆಗಸ್ಟಿನಲ್ಲಿ, ಸಭೆಗೆಂದು, ಮೊದಲ ಬಾರಿಗೆ ಬರೆದಳು. ಬರೆದದ್ದು ಸರಿಯಿದೆಯೋ ಇಲ್ಲವೋ ಎಂದು ಒಬ್ಬಳಿಗೆ ಮಾತ್ರ, ಗೆಳತಿ ಲೋಯಿಸ್‌ಗೆ, ತೋರಿಸಿದಳು.

ಅವಳ ಅಪ್ಪ 'ಗಣಿ ಬರಲಿ' ಎನ್ನಲಿಲ್ಲ. ಅವಳು ಬರೆದ ಕೊನೆಯ ಸಾಲು ಬೇರೆಯೇ ಇತ್ತು: ಆಗಲೂ ಕಂಪನಿಯವರು ಏನೂ ಆಗಲ್ಲ ಅಂದಿದ್ದರು. ಆ ಒಂದು ಸಾಲನ್ನು ಕಿತ್ತು ಹಾಕಿ, ಉಳಿದದ್ದನ್ನೆಲ್ಲ ಹಾಗೇ ತಲೆಕೆಳಗಾಗಿ ನಿಲ್ಲಿಸಿದ್ದರು.

ಕಳ್ಳತನವಾದದ್ದು ಎಲ್ಲಿಂದ? ಪತ್ತೇದಾರಿಣಿಯ ಬುದ್ಧಿ ತಾನಾಗಿಯೇ ಕೆಲಸಕ್ಕಿಳಿಯಿತು. ಮನೆಯಲ್ಲಿ ಅವಳ ಕೈಬರಹದ ಪ್ರತಿ ಇತ್ತು. ಅದನ್ನು ಯಾರಾದರೂ ಕದ್ದು ಓದಿರಬಹುದು. ಗೆಳತಿಯನ್ನು ಅನುಮಾನಿಸುವುದಕ್ಕಿಂತ ಹಾಗೆ ನಂಬುವುದೇ ಸುಲಭವಾಗಿತ್ತು. ಐದು ಮೈಲಿ ಅವಳು ಹಾಗೆಯೇ ನಂಬಿಕೊಂಡು ಕಾರು ಓಡಿಸಿದಳು.

ಆಮೇಲೆ ಆ ಸಾಲು ನೆನಪಾಯಿತು. *ತುಂಡು ತಣ್ಣಗಾಗಿತ್ತು, ಹಸಿವು ಮಾತ್ರ ಬಿಸಿಯಾಗೇ ಇತ್ತು.*

ಅದು ವೆರ್ನಾ ಬರೆದದ್ದಲ್ಲ. ಲೋಯಿಸ್ ಸೇರಿಸಿದ್ದು. "ಸ್ವಲ್ಪ ಒಗ್ಗರಣೆ ಬೇಕು ಕಣೆ," ಎಂದು ನಕ್ಕು ತನ್ನ ಪ್ರತಿಯಲ್ಲಿ ಟೈಪು ಮಾಡಿದ್ದಳು. ವೆರ್ನಾ ಒಪ್ಪಿರಲಿಲ್ಲ. "ಇದು ಉಪದೇಶ ಮಾಡೋರ ಮಾತಿನ ಹಾಗಿದೆ, ನನ್ನ ಬಾಯಲ್ಲಿ ಬರಲ್ಲ," ಎಂದು ಬಿಟ್ಟಿದ್ದಳು. ಅವಳ ಕೈಬರಹದಲ್ಲಿ ಆ ಸಾಲು ಯಾವತ್ತೂ ಇರಲೇ ಇಲ್ಲ.

ಆ ಸಾಲಿದ್ದ ಕಾಗದ ಲೋಕದಲ್ಲಿ ಒಂದೇ. ಅದು ಲೋಯಿಸ್‌ಳ ಮನೆಯಲ್ಲಿತ್ತು.

ವೆರ್ನಾ ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸಿದಳು. ಕಿಟಕಿ ಇಳಿಸಿ, ತಣ್ಣನೆಯ ಗಾಳಿಗೆ ಮುಖವೊಡ್ಡಿ ಕೂತಳು. ಫೋನು ಗುಂಯ್ಗುಟ್ಟಿತು. ಗಂಡ ಎಲ್ಡನ್.

"ಎಲ್ಲಿದೀಯೇ? ಮೀನು ಹೊಗೆಗೆ ಹಾಕ್ತಾ ಇದೀನಿ. ಐದರೊಳಗೆ ಬಾ."

"ಬರ್ತೀನಿ. ಲೋಯಿಸ್ ಮನೆಗೆ ಹೋಗಿ ಬರ್ತೀನಿ."

ಆ ಕಡೆ ಚಾಕು ಕೆಳಗಿಟ್ಟ ಸದ್ದು. "ಅವಳಿಗೆ ನಮಸ್ಕಾರ ಹೇಳು," ಎಂದ ಎಲ್ಡನ್.

*

ಲೋಯಿಸ್ ಟ್ರೆವಾರೋ ಊರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವಳು. ಈಗ ಸರೋವರ ರಕ್ಷಣಾ ಬಳಗದ ಅಧ್ಯಕ್ಷೆ. ವೆರ್ನಾಳ ಮದುವೆಯಲ್ಲಿ ಹೂಗುಚ್ಛ ಹಿಡಿದು ಅವಳ ಪಕ್ಕದಲ್ಲೇ ನಿಂತವಳು.

ಗ್ಯಾರೇಜಿನ ಬಾಗಿಲು ತೆರೆದಿತ್ತು. ಒಳಗೆ ಲೋಯಿಸ್ ಮಂಡಿಯೂರಿ ಕೂತು, ಮನೆಗಳ ಮುಂದೆ ನೆಡುವ ಫಲಕಗಳಿಗೆ ತಂತಿಯ ಕಾಲು ಸಿಕ್ಕಿಸುತ್ತಿದ್ದಳು. 'ಸರೋವರ ಮಾರಾಟಕ್ಕಿಲ್ಲ.' ನೀಲಿಯ ಮೇಲೆ ಬಿಳಿ ಅಕ್ಷರ. ಛಾವಣಿ ಮುಟ್ಟುವಷ್ಟು ಫಲಕಗಳು.

"ವೆರ್ನಿ! ಒಳ್ಳೇ ಹೊತ್ತಿಗೆ ಬಂದೆ. ಆ ಕಡೆ ಹಿಡ್ಕೋ ಬಾ. ನನ್ನ ಸೊಂಟ ಬಿದ್ದುಹೋಯ್ತು."

ವೆರ್ನಾ ಹಿಡಿದುಕೊಳ್ಳಲಿಲ್ಲ. "ತುಂಡು ತಣ್ಣಗಾಗಿತ್ತು," ಎಂದಳು.

ಲೋಯಿಸ್‌ಳ ಕೈ ನಿಂತಿತು.

"ಹಸಿವು ಮಾತ್ರ ಬಿಸಿಯಾಗೇ ಇತ್ತು. ಮಿಲ್ವಾಕಿಯ ಒಬ್ಬ ನಟನ ಬಾಯಿಂದ ಕೇಳಿ ಬಂದೆ, ಈಗ. ಚೆನ್ನಾಗಿ ಹೇಳ್ತಾನೆ. ಲಾರಿಯವನೊಬ್ಬ ಟೋಪಿ ತೆಗೆದ."

ಲೋಯಿಸ್ ಗೋಡೆ ಹಿಡಿದು ಎದ್ದಳು. ಪ್ಯಾಂಟಿನ ಮಂಡಿಯ ಧೂಳು ಒರೆಸಿಕೊಂಡಳು. ಎಪ್ಪತ್ತರ ಹತ್ತಿರದ ಆ ಮುಖದಲ್ಲಿ ಭಯ ಇರಲಿಲ್ಲ, ಸುಸ್ತು ಇತ್ತು.

"ನಾನು ಒಳಗೇ ಇದ್ದೆ, ನೆನಪಿದೆಯಾ? ನಲವತ್ತನೇ ಚೀಟಿ, ನನ್ನ ಸರದಿ ಕೊನೇದು. ಅವನು ಎದ್ದು ನಿಂತು ಕಡುಬು ಅಂದಾಗ ನನ್ನ ಎದೆ ನಿಂತೇ ಹೋಯ್ತು. ಓದೋಕೆ ಅಂತ ತಗೊಂಡಿದ್ರು ವೆರ್ನಿ. ಯಾರು ಏನು ಮಾತಾಡ್ತಾರೆ ಅಂತ ಮುಂಚೆ ತಿಳ್ಕೊಳ್ಳೋಕೆ. ಹೀಗೆ ಮಾಡ್ತಾರೆ ಅಂತ ನನಗೆ ಗೊತ್ತಿರಲಿಲ್ಲ."

"ಯಾರು ತಗೊಂಡಿದ್ದು?"

ಲೋಯಿಸ್ ಫಲಕಗಳ ಕಡೆ ಕೈ ತೋರಿಸಿದಳು. "ಇವನ್ನ ಕೊಡಿಸಿದವರು."

ವೆರ್ನಾಳಿಗೆ ಒಮ್ಮೆಲೇ ಅರ್ಥವಾಗಲಿಲ್ಲ. ಅರ್ಥವಾದಾಗ, ಮೇಲಿದ್ದ ಫಲಕವೊಂದನ್ನು ಎತ್ತಿ ಅಕ್ಷರಗಳನ್ನು ಮತ್ತೆ ಓದಿದಳು.

"ಇವು ಕಂಪನಿಯ ವಿರುದ್ಧದ ಫಲಕಗಳು ಕಣೇ."

"ಹೌದು."

"ಕಂಪನಿಯ ದುಡ್ಡಲ್ಲಿ?"

"ಹೌದು ಅಂದ್ನಲ್ಲ! ಎಷ್ಟು ಸಲ ಹೇಳಲಿ?" ಲೋಯಿಸ್‌ಳ ದನಿ ತರಗತಿಯ ಕೊನೆಯ ಬೆಂಚಿಗೆ ಮುಟ್ಟುವಷ್ಟು ಏರಿತು. "ಮೊದಲನೇ ವರ್ಷ ನಾವು ಕೇಕು ಮಾರಿದ್ವಿ. ನೀನೂ ಮಾಡಿಕೊಟ್ಟೆ, ಮೂರು. ಅದರಲ್ಲಿ ಬಂದ ದುಡ್ಡಲ್ಲಿ ರೇಡಿಯೋದಲ್ಲಿ ಅರ್ಧ ನಿಮಿಷ ಸಿಕ್ತು. ಅವರದು ದಿನಕ್ಕೆ ಹದಿನಾಲ್ಕು ಸಲ. ಪೇಪರಿಗೆ ಕಾಗದ ಬರೆದೆ. ಓದುಗರ ಪುಟದಲ್ಲಿ ಜಾಗ ಇಲ್ಲ, ಜಾಹೀರಾತಿನ ಪುಟದಲ್ಲಿ ಹಾಕ್ತೀವಿ, ಬಿಲ್ ಕಳಿಸ್ತೀವಿ ಅಂದ್ರು. ನನ್ನದೇ ವಿದ್ಯಾರ್ಥಿ ಅವನು, ಆ ಸಂಪಾದಕ! ಕಾಗುಣಿತ ಕಲಿಸಿದವಳು ನಾನು. ಮಾತಾಡೋ ಸ್ವಾತಂತ್ರ್ಯ ಇದೆ ಅಂತ ಮೂವತ್ತು ವರ್ಷ ಮಕ್ಕಳಿಗೆ ಹೇಳ್ದೆ. ಕೇಳಿಸೋ ಸ್ವಾತಂತ್ರ್ಯ ಇದೆ ಅಂತ ಯಾರೂ ಹೇಳಿರಲಿಲ್ಲ ನನಗೆ."

"ಆಮೇಲೆ?"

"ಆಮೇಲೆ ಒಬ್ಬಳು ಬಂದ್ಲು. ಒಳ್ಳೇ ಕೋಟು, ಒಳ್ಳೇ ಮಾತು. ಯಾವುದೋ ನಾಗರಿಕರ ನಿಧಿ ಅಂದ್ಲು. ನೀರು ಉಳಿಸೋರಿಗೆ ಸಹಾಯ ಮಾಡ್ತೀವಿ ಅಂದ್ಲು. ತಗೊಂಡೆ. ನಾಲ್ಕು ತಿಂಗಳಾದ ಮೇಲೆ ಅದು ಎಲ್ಲಿಂದ ಬರ್ತಿದೆ ಅಂತ ತಿಳೀತು."

"ತಿಳಿದ ಮೇಲೆ?"

"ತಿಳಿದ ಮೇಲೂ ತಗೊಂಡೆ."

ಹೊರಗೆ ಪಕ್ಕದ ಮನೆಯವನು ಎಲೆ ಗುಡಿಸುತ್ತಿದ್ದ. ಅವನು ಕೈಯೆತ್ತಿದ. ಇಬ್ಬರೂ ಅಭ್ಯಾಸಬಲದಿಂದ ಕೈಯೆತ್ತಿದರು.

"ತಮ್ಮ ಮೇಲೇ ಬೈಗುಳ ಬರೆಸೋಕೆ ದುಡ್ಡು ಕೊಡ್ತಾರಾ ಯಾರಾದ್ರೂ?" ವೆರ್ನಾ ಕೇಳಿದಳು.

"ಯಾಕೆ ಕೊಡಲ್ಲ? ಎದುರಾಳಿ ಯಾರಾದ್ರೂ ಇದ್ದೇ ಇರ್ತಾರೆ. ತಮಗೆ ಗೊತ್ತಿರೋರು ಆದ್ರೆ ಅವರಿಗೆ ವಾಸಿ. ನಾನು ಫಲಕ ನೆಡ್ತೀನಿ, ಹಾಡು ಹಾಡಿಸ್ತೀನಿ. ನ್ಯಾಯಾಲಯಕ್ಕೆ ಹೋಗ್ತೀನಿ ಅಂದವರಿಗೆ, ಸ್ವಲ್ಪ ತಡೀರಿ ಅಂತೀನಿ. ಅಷ್ಟೇ ಅವರು ಕೇಳಿದ್ದು. ಸ್ವಲ್ಪ ತಡೀರಿ ಅನ್ನಿ ಅಂತ." ಅವಳು ನಗಲು ನೋಡಿದಳು, ಆಗಲಿಲ್ಲ. "ಅವರ ದುಡ್ಡಿನಲ್ಲೇ ಅವರನ್ನ ಸೋಲಿಸ್ತೀನಿ ಅಂದ್ಕೊಂಡಿದ್ದೆ ಕಣೆ. ಮಸಿ ಯಾರದಾದ್ರೇನು, ಅಕ್ಷರ ನಮ್ಮದು ಅಂತ."

"ಅಕ್ಷರ ನನ್ನದಾಗಿತ್ತು," ಎಂದಳು ವೆರ್ನಾ. "ಸತ್ತಿದ್ದು ನನ್ನಪ್ಪ."

ಲೋಯಿಸ್ ತಲೆ ತಗ್ಗಿಸಿದಳು.

ಐವತ್ತು ವರ್ಷ ಒಳಗೇ ಇಟ್ಟುಕೊಂಡದ್ದನ್ನು ವೆರ್ನಾ ಇವಳ ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿಟ್ಟಿದ್ದಳು. ಅವತ್ತು ಲೋಯಿಸ್ ಅತ್ತಿದ್ದಳು. ಆ ಅಳು ನಿಜವಾದದ್ದೇ. ಅದೇ ವೆರ್ನಾಳಿಗೆ ತಡೆಯಲಾಗದೆ ಹೋಯಿತು. ಸುಳ್ಳು ಅತ್ತಿದ್ದರೆ ಸುಲಭವಿತ್ತು. ಬೈದು ಬಾಗಿಲು ಬಡಿದು ಹೋಗಬಹುದಿತ್ತು. ನಿಜವಾಗಿ ಅತ್ತವಳು, ಕಣ್ಣೊರೆಸಿಕೊಂಡು, ಅದೇ ಕಾಗದವನ್ನು ಮಡಚಿ ಅವರಿಗೆ ಕಳಿಸಿದ್ದಳು.

"ನಾಳೆ ಬಂದು ಇದನ್ನೆಲ್ಲ ಮಂಡಳಿಯ ಮುಂದೆ ಹೇಳ್ತೀಯ. ಆ ನಟ ಬರ್ತಾನೆ. ನೀನೂ ಬರ್ತೀಯ."

"ಬರಲ್ಲ."

"ಲೋಯಿಸ್..."

"ನಿನ್ನನ್ನ ಉಳಿಸೋಕೇ ಬರಲ್ಲ, ತಿಳ್ಕೋ! ನಾನು ಬಾಯಿ ಬಿಟ್ಟ ಮರುಕ್ಷಣ ಅವರು ನಮ್ಮ ಬಳಗ ಸರ್ಕಾರಕ್ಕೆ ಕೊಟ್ಟ ಲೆಕ್ಕದ ಘೋಷಣಾಪತ್ರ ಹೊರಗೆ ತೆಗೀತಾರೆ. ದುಡ್ಡು ಬಂದದ್ದು ಯಾರ ರುಜುವಿನ ಮೇಲೆ ಗೊತ್ತಾ? ಖಜಾಂಚಿ ಯಾರು ಗೊತ್ತಾ?"

ವೆರ್ನಾಳಿಗೆ ಗೊತ್ತಿರಲಿಲ್ಲ. ಲೋಯಿಸ್‌ಳ ಕಣ್ಣು ನೋಡಿದ ಮೇಲೆ ಗೊತ್ತಾಯಿತು.

ಎರಡು ವರ್ಷದ ಹಿಂದೆ, ಇದೇ ಮನೆಯಲ್ಲಿ, ಏಲಕ್ಕಿ ಬ್ರೆಡ್ಡು ತಿನ್ನುತ್ತ ಮೂರು ಹಾಳೆಗೆ ರುಜು ಹಾಕಿದ್ದಳು. ಬಳಗ ಶುರು ಮಾಡೋಕೆ ಇನ್ನೊಂದು ಹೆಸರು ಬೇಕಂತೆ, ಸುಮ್ಮನೆ ಹಾಕು, ಎಂದಿದ್ದಳು ಲೋಯಿಸ್. ಇಪ್ಪತ್ತಾರು ವರ್ಷ ಬೇರೆಯವರ ಹೇಳಿಕೆಗಳನ್ನು ಅಕ್ಷರ ಅಕ್ಷರ ಓದಿಸಿ ರುಜು ಹಾಕಿಸಿದ ಪತ್ತೇದಾರಿಣಿ, ಗೆಳತಿಯ ಕಾಗದವನ್ನು ಓದುವ ಗೋಜಿಗೇ ಹೋಗಿರಲಿಲ್ಲ.

"ನಿನ್ನ ಹೆಸರು ಇದ್ರೆ ಜನ ನಂಬ್ತಾರೆ ಅಂತ ಹಾಕಿಸ್ದೆ," ಎಂದಳು ಲೋಯಿಸ್ ಸಣ್ಣ ದನಿಯಲ್ಲಿ. "ಆಗ ಅದರಲ್ಲಿ ಏನೂ ಕೆಟ್ಟದ್ದಿರಲಿಲ್ಲ. ದೇವರಾಣೆ."

"ಹಾರ್ಲನ್‌ಗೆ ಇದು ಗೊತ್ತಿತ್ತಾ?"

ಲೋಯಿಸ್ ಬಗ್ಗಿ ಒಂದು ತಂತಿ ಎತ್ತಿಕೊಂಡಳು.

"ಲೋಯಿಸ್. ಹಾರ್ಲನ್ ಬಂದರಿನಲ್ಲಿ ಸಿಕ್ಕಾಗ ಅವನ ಕಾಲಲ್ಲಿ ಆಫೀಸಿನ ಶೂ ಇತ್ತು. ನಲವತ್ತು ವರ್ಷದಿಂದ ಆ ಗೋಡೆ ಮೇಲೆ ಮೀನು ಹಿಡಿದವನು, ರಬ್ಬರ್ ಬೂಟಿಲ್ಲದೆ ಒಂದು ದಿನ ಅಲ್ಲಿಗೆ ಹೋದವನಲ್ಲ. ಅವನು ಎಲ್ಲಿಗೋ ಕೆಲಸದ ಮೇಲೆ ಹೊರಟಿದ್ದ. ಇಲ್ಲಿಗಾ?"

"ಅವತ್ತು ಬೆಳಿಗ್ಗೆ ಒಂಬತ್ತು ಗಂಟೆಗೆ ಬಂದ," ಎಂದಳು ಲೋಯಿಸ್ ಕೊನೆಗೆ. "ಆ ಘೋಷಣಾಪತ್ರ ತರಿಸ್ಕೊಂಡಿದ್ದ. ಬಸ್ಸು ಕಳಿಸಿದ ಏಜೆನ್ಸಿಯ ವಿಳಾಸ, ನಮಗೆ ದುಡ್ಡು ಕೊಟ್ಟ ನಿಧಿಯ ವಿಳಾಸ, ಎರಡೂ ಒಂದೇ ಅಂತ ಕಂಡುಹಿಡಿದಿದ್ದ. ಅದರ ಕೆಳಗೆ ನಿನ್ನ ರುಜು. ಅಲ್ಲೇ, ನೀನು ನಿಂತಿದೀಯಲ್ಲ, ಅಲ್ಲೇ ನಿಂತು ಕೇಳಿದ. 'ಲೋಯಿಸ್, ವೆರ್ನಾಗೆ ಇದು ಗೊತ್ತಾ? ಗೊತ್ತಿದ್ದೇ ಮಾಡಿದಳಾ?' ಅಂತ."

"ನೀನು ಏನಂದೆ?"

ಲೋಯಿಸ್ ಕೈಯಲ್ಲಿದ್ದ ತಂತಿಯನ್ನು ಬಗ್ಗಿಸುತ್ತ, ನೆಟ್ಟಗೆ ಮಾಡುತ್ತ, ಮತ್ತೆ ಬಗ್ಗಿಸುತ್ತ ನಿಂತಳು.

"ಇಲ್ಲ ಅಂದಿದ್ರೆ ನಾನೊಬ್ಬಳೇ ಉಳೀತಿದ್ದೆ."

"ಏನಂದೆ ಅಂತ ಕೇಳ್ದೆ."

"ಹೌದು ಅಂದೆ."

ಹಾರ್ಲನ್ ವೆರ್ನಾಳೊಂದಿಗೆ ಒಂದೇ ತರಗತಿಯಲ್ಲಿ ಓದಿದವನು. ಅಪ್ಪ ಸತ್ತ ವಾರ, ಶಾಲೆಯಲ್ಲಿ ಯಾರೂ ಅವಳ ಪಕ್ಕ ಕೂರಲು ಧೈರ್ಯ ಮಾಡದಿದ್ದಾಗ, ಏನೂ ಮಾತಾಡದೆ ಬಂದು ಕೂತಿದ್ದವನು. ಅವನು ಈ ಗ್ಯಾರೇಜಿನಿಂದ ಹೊರಗೆ ನಡೆದಾಗ ವೆರ್ನಾ ಕೊಸ್ಕೆಲಾ ತನ್ನನ್ನು ಮಾರಿಕೊಂಡಿದ್ದಾಳೆ ಎಂದು ನಂಬಿಕೊಂಡೇ ನಡೆದಿದ್ದ. ಆ ನಂಬಿಕೆಯಲ್ಲೇ ಸತ್ತ. ಅದನ್ನು ತಿದ್ದಲು ಇನ್ನು ಯಾವ ಸಭೆಯಲ್ಲಿ ಎಷ್ಟು ನಿಮಿಷ ಸಿಕ್ಕರೂ ಪ್ರಯೋಜನವಿರಲಿಲ್ಲ.

"ಆಮೇಲೆ ಎಲ್ಲಿಗೆ ಹೋದ?" ಅವಳಿಗೆ ತನ್ನ ದನಿಯೇ ದೂರದಿಂದ ಕೇಳಿದಂತಾಯಿತು.

"'ಅವಳ ಬಾಯಿಂದಲೇ ಕೇಳ್ತೀನಿ' ಅಂದ. ನಿಮ್ಮ ಮನೆಗೆ ಹೋದ."

"ಸುಳ್ಳು. ನಾನು ಅವತ್ತು ಮಧ್ಯಾಹ್ನದ ತನಕ ಹಲ್ಲಿನ ಡಾಕ್ಟರ ಹತ್ತಿರ ಇದ್ದೆ. ನಮ್ಮ ಮನೆಗೆ ಯಾರೂ ಬಂದಿಲ್ಲ."

"ಬಂದಿದ್ದ ವೆರ್ನಿ." ಲೋಯಿಸ್ ಮೊದಲ ಬಾರಿಗೆ ಅವಳನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಕನಿಕರವಿತ್ತು. "ಹತ್ತೂಕಾಲಿಗೆ ಎಲ್ಡನ್ ನನಗೆ ಫೋನ್ ಮಾಡಿದ. ಹಾರ್ಲನ್ ನಮ್ಮ ಅಡುಗೆಮನೆಯಲ್ಲಿ ಕೂತಿದಾನೆ, ಏನು ಹೇಳಲಿ ಇವನಿಗೆ ಅಂತ ಕೇಳಿದ. ವೆರ್ನಾ ಬರೋ ತನಕ ಕೂರಿಸ್ಕೋ ಅಂದೆ. ಅಷ್ಟೇ ನನಗೆ ಗೊತ್ತಿರೋದು. ನಿನಗೆ ಎಲ್ಡನ್ ಹೇಳಿರ್ತಾನೆ ಅಂತಲೇ ಇಷ್ಟು ದಿನ ಅಂದ್ಕೊಂಡಿದ್ದೆ. ನೀನು ಯಾಕೆ ಕೇಳ್ತಿಲ್ಲ, ಯಾಕೆ ಏನೂ ಗೊತ್ತಿಲ್ಲದವಳ ಹಾಗೆ ಓಡಾಡ್ತಿದೀಯ ಅಂತ ನಾನೇ ಹೆದರಿದ್ದೆ."

*

ಮನೆಗೆ ಆರು ನಿಮಿಷದ ದಾರಿ. ಹೇಗೆ ಬಂದಳೋ ಅವಳಿಗೆ ತಿಳಿಯಲಿಲ್ಲ.

ಎಲ್ಡನ್ ಹಿತ್ತಿಲಲ್ಲಿದ್ದ. ಹೊಗೆಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು, ಸೀಳಿದ ಬಿಳಿಮೀನುಗಳನ್ನು ಒಂದೊಂದಾಗಿ ತಂತಿಯ ಮೇಲೆ ಹರಡುತ್ತಿದ್ದ. ಮೇಪಲ್ ಕಟ್ಟಿಗೆಯ ಹೊಗೆ ಸರೋವರದ ಕಡೆಗೆ ಬಾಗಿತ್ತು. ರಸ್ತೆ ಇಲಾಖೆಯಲ್ಲಿ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದವನು. ಅಗಲವಾದ ಬೆನ್ನು, ನಿಧಾನದ ಕೈ. ಮೂವತ್ತೆರಡು ವರ್ಷ ಆ ಬೆನ್ನನ್ನು ನೋಡಿದಾಗಲೆಲ್ಲ ವೆರ್ನಾಳಿಗೆ ಮನೆ ತಲುಪಿದೆ ಅನ್ನಿಸುತ್ತಿತ್ತು.

"ಬಂದ್ಯಾ? ಇನ್ನೂ ಹೊತ್ತಿದೆ. ಒಳಗೆ ಕಾಫಿ ಇದೆ, ಬಿಸಿ ಮಾಡ್ಕೋ."

"ಎಲ್ಡನ್."

"ಹೂಂ."

ದಾರಿಯುದ್ದಕ್ಕೂ ಹತ್ತಾರು ರೀತಿಯಲ್ಲಿ ಕೇಳುವುದನ್ನು ಯೋಚಿಸಿದ್ದಳು. ಕೇಳುವ ಕಲೆ ಅವಳಿಗೆ ಗೊತ್ತಿತ್ತು. ಸುತ್ತಿ ಬಳಸಿ, ಉತ್ತರ ಮೊದಲೇ ಗೊತ್ತಿಲ್ಲದವಳಂತೆ, ಎದುರಿಗಿರುವವನ ಕೈಯನ್ನೇ ನೋಡುತ್ತ. ಈಗ ಯಾವುದೂ ನೆನಪಿಗೆ ಬರಲಿಲ್ಲ. ಬೇರೆ ಯಾವ ಹೆಂಡತಿಯಾದರೂ ಕೇಳುವಂತೆ ಕೇಳಿದಳು.

"ಅವತ್ತು ಬೆಳಿಗ್ಗೆ ಹಾರ್ಲನ್ ಇಲ್ಲಿಗೆ ಬಂದಿದ್ನಾ?"

ಎಲ್ಡನ್ ಕೈಯಲ್ಲಿದ್ದ ಮೀನನ್ನು ತಂತಿಯ ಮೇಲಿಟ್ಟ. ಅದರ ಅಂಚನ್ನು ಬೆರಳಿನಿಂದ ನೇರ ಮಾಡಿದ. ಪೆಟ್ಟಿಗೆಯ ಬಾಗಿಲು ಮುಚ್ಚಿ ಚಿಲಕ ಹಾಕಿದ. ತಿರುಗಿ ನೋಡಲಿಲ್ಲ.

"ಯಾವ ಹಾರ್ಲನ್?" ಎಂದ.

ಹೆರಿಂಗ್ ಪಾಯಿಂಟ್‌ನಲ್ಲಿ ಆ ಹೆಸರಿನವನು ಇದ್ದದ್ದು ಒಬ್ಬನೇ. ಏಳು ದಿನದ ಹಿಂದೆ ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರಲ್ಲಿ ಎಲ್ಡನ್ ಮುಂದಿನ ಸಾಲಿನಲ್ಲಿದ್ದ.